ಹಳೆಯ ಪ್ರತಿಯ ಹಠ

ಕೆಲವು ವರ್ಷಗಳ ಹಿಂದೆ ಕಚೇರಿಯಲ್ಲಿ ಒಬ್ಬ ತರುಣನನ್ನು ನಾನು ಅನ್ಯಾಯವಾಗಿ ಗದರಿಸಿದೆ. “ತಪ್ಪನ್ನು ತಿದ್ದಿದ್ದೇನೆ ಸಾರ್” ಎಂದು ಅವನು, “ತಿದ್ದಿದ್ದರೆ ಯಂತ್ರ ಅದೇ ತಪ್ಪು ಲೆಕ್ಕವನ್ನೇಕೆ ಒಪ್ಪಿಸುತ್ತಿದೆ?” ಎಂದು ನಾನು. ಸಂಜೆಯ ಹೊತ್ತಿಗೆ ನಿಜ ತಿಳಿಯಿತು. ಫೈಲಿನಲ್ಲಿದ್ದುದು ಹೊಸ ಬರಹ. ಕಂಪ್ಯೂಟರಿನ ಮೆಮೊರಿಯಲ್ಲಿ ಓಡುತ್ತಿದ್ದುದು ಹಳೆಯದು. ಹುಡುಗ ಹೇಳಿದ್ದು ಸತ್ಯ; ಹುಸಿಯಾದುದು ನನ್ನ ಕೋಪ.

ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆಯೇ ತಿದ್ದಬೇಕೆಂಬ ಆಸೆ ಇಂದಿನದಲ್ಲ. ಅಮೆರಿಕದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿ 1970ರಲ್ಲಿ ಒಂದು ಸಂಶೋಧನಾಲಯವನ್ನು ತೆರೆಯಿತು. ಅಲ್ಲಿ ಆಲನ್ ಕೇ ಮತ್ತು ಸಂಗಡಿಗರು ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಕಟ್ಟಿದರು. 1979ರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅದನ್ನು ನೋಡಲು ಬಂದರು. ತೆರೆಯ ಮೇಲಿನ ಬರಹ ಸಾಲುಸಾಲಾಗಿ ನೆಗೆಯುತ್ತ ಸರಿಯುವುದು ಅವರಿಗೆ ಹಿಡಿಸಲಿಲ್ಲ. ಡಾನ್ ಇಂಗಾಲ್ಸ್ ಅವರ ಕಣ್ಣೆದುರಿಗೇ ಒಂದಿಷ್ಟು ತಿದ್ದಿದರು. ಬರಹ ನುಣ್ಣಗೆ ಹರಿಯತೊಡಗಿತು. ಯಂತ್ರ ಒಂದು ಗಳಿಗೆಯೂ ನಿಂತಿರಲಿಲ್ಲ.

ನೋಡಿದವರಿಗೆ ಇದು ಇಂದ್ರಜಾಲವೇ ಸರಿ. ಆದರೆ ಒಳಗೊಂದು ಸೂಕ್ಷ್ಮವಿದೆ. ತಿದ್ದುಪಡಿ ಅನ್ವಯಿಸುವುದು ಮುಂದಿನ ಕರೆಗೆ. ಆಗಲೇ ಅರ್ಧ ನಡೆದಿರುವ ಕೆಲಸ ಹಳೆಯ ವಿಧಿಯಂತೆಯೇ ಮುಗಿಯುತ್ತದೆ. ಆದ್ದರಿಂದಲೇ ಸ್ಮಾಲ್‌ಟಾಕಿನ ಡೀಬಗ್ಗರಿನಲ್ಲಿ ನಡುವೆ ತಿದ್ದಿದರೆ, ಆ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಸ್ವೀಡನ್ನಿನ ಎರಿಕ್ಸನ್ ಕಂಪನಿಗೆ ಇದು ಆಟದ ಮಾತಾಗಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜನ್ನು ನಿಲ್ಲಿಸಿ ರಿಪೇರಿ ಮಾಡುವುದುಂಟೆ? 1986ರಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಅಲ್ಲಿ ಆರಂಭಿಸಿದ ಎರ್ಲಾಂಗ್ ಭಾಷೆ ಕೊನೆಗೆ ಕಂಡುಕೊಂಡ ಮಾರ್ಗ ಬಹಳ ಪ್ರಾಮಾಣಿಕವಾದುದು: ಒಂದು ಭಾಗದ ಹೊಸ ಪ್ರತಿ, ಹಳೆಯ ಪ್ರತಿ ಎರಡೂ ಒಟ್ಟಿಗೆ ಇರಬಹುದು, ಮೂರನೆಯದು ಬರಬೇಕಾದರೆ ಅತಿ ಹಳೆಯದು ಜಾಗ ಬಿಡಬೇಕು. ಆಗಲೂ ಅದನ್ನೇ ನಂಬಿ ಓಡುತ್ತಿರುವ ಕೆಲಸವಿದ್ದರೆ ಅದಕ್ಕೆ ಅಲ್ಲಿಗೇ ಮುಕ್ತಾಯ.

ನಮ್ಮದು ಪೈಥಾನ್ ಭಾಷೆ. ಅಲ್ಲಿ ಅಂಥ ಕಟ್ಟುಪಾಡಿಲ್ಲ. ಒಂದು ಭಾಗವನ್ನು ಮತ್ತೆ ಓದಿಸಬಹುದು. ಆದರೆ ಅದರಿಂದ ಮೊದಲೇ ಹೆಸರು ಹಿಡಿದು ಎರವಲು ತಂದವರ ಕೈಯಲ್ಲಿ ಉಳಿಯುವುದು ಹಳೆಯ ವಸ್ತುವೇ. ಮನೆ ಬದಲಿಸಿದವರ ಹಳೆಯ ವಿಳಾಸಕ್ಕೆ ಕಾಗದ ಬರೆದಂತೆ! ನಮ್ಮ ತಪ್ಪು ಲೆಕ್ಕ ಹುಟ್ಟಿದ್ದು ಹೀಗೆ. ಪ್ರೋಗ್ರಾಮನ್ನು ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಿದೆವು, ಲೆಕ್ಕ ಸರಿಯಾಯಿತು.

ಅಂದಿನಿಂದ, ತಿದ್ದಿದ್ದು ಫಲಿಸಲಿಲ್ಲವೆಂದು ಯಾರಾದರೂ ಬಂದರೆ, ಓಡುತ್ತಿರುವುದು ಯಾವ ಪ್ರತಿಯೆಂದು ಮೊದಲು ಕೇಳುತ್ತೇನೆ. ಮರುದಿನ ಬೆಳಿಗ್ಗೆ ಆ ಹುಡುಗನ ಮೇಜಿನ ಬಳಿಗೆ ನಾನೇ ಹೋಗಿ, ತಪ್ಪು ನನ್ನದೆಂದು ಎಲ್ಲರೆದುರಿಗೂ ಹೇಳಿದೆ. ಗದರಿಸಿದ್ದೂ ಎಲ್ಲರೆದುರಿಗೇ ಅಲ್ಲವೆ?