ವಿಮಾನ ಬಿದ್ದದ್ದು ಯಾಕೆ

2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಬಂತು. ಸಾಗರದಲ್ಲಿರುವ ನನ್ನ ತಂಗಿಯ ಮಗ ಅದನ್ನು ನೋಡಿ ಬಂದವನೇ ಫೋನ್ ಮಾಡಿದ. “ಮಾವ, ಅದು ನಿಜವಾಗಿ ನಡೆದದ್ದಾ?” ನಡೆದದ್ದೇ, ಹೆಸರು ಬದಲಿಸಿದ್ದಾರೆ, ಒಂದಿಷ್ಟು ಕಥೆ ಸೇರಿಸಿದ್ದಾರೆ, ಆದರೆ ಆ ಮನುಷ್ಯ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಎಂದೆ. ಅವನು ಅಲ್ಲಿಗೇ ಬಿಡಲಿಲ್ಲ. “ಹಾಗಾದ್ರೆ ಅವರ ವಿಮಾನ ಬಿದ್ದದ್ದು ಯಾಕೆ?” ಶತ್ರು ಹೊಡೆದ, ಬಿತ್ತು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿ ದುಡಿದವನಿಗೆ ಆ ಉತ್ತರ ಸಾಲುವುದಿಲ್ಲ.

ನಾನು ಹೊಸನಗರ ತಾಲ್ಲೂಕಿನವನು. 1965ರ ಯುದ್ಧ ನಡೆದಾಗ ಹೈಸ್ಕೂಲಿನಲ್ಲಿದ್ದೆ. ಅದರ ಹಿಂದಿನ ವರ್ಷವಷ್ಟೇ ಲಿಂಗನಮಕ್ಕಿ ಅಣೆಕಟ್ಟು ಮುಗಿದಿತ್ತು. ನಮ್ಮ ಕಡೆಯ ಊರೂರೇ ಶರಾವತಿಯ ಹಿನ್ನೀರಿಗೆ ಹೋಗಿ, ನೆಂಟರಿಷ್ಟರೆಲ್ಲ ಸಿಕ್ಕ ಸಿಕ್ಕ ಕಡೆ ಗುಡಿಸಲು ಹಾಕಿಕೊಂಡಿದ್ದ ಕಾಲ. ಆ ಕಷ್ಟದಲ್ಲೂ ಪ್ರಧಾನಿ ಶಾಸ್ತ್ರಿಯವರ ಕರೆಗೆ ಓಗೊಟ್ಟು ಸೋಮವಾರ ರಾತ್ರಿಯ ಊಟ ಬಿಟ್ಟ ಮನೆಗಳು ನಮ್ಮಲ್ಲಿದ್ದವು. ಸಂಜೆ ರೇಡಿಯೋ ಇದ್ದ ಅಂಗಡಿಯ ಜಗಲಿಯಲ್ಲಿ ಜನ ಕೂರುತ್ತಿದ್ದರು. ‘ನಮ್ಮ ಒಂದು ವಿಮಾನ ಹಿಂದಿರುಗಿಲ್ಲ’ ಎಂಬ ಮಾತು ಬಂದಾಗ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಆ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ವಾಯುಪಡೆ ಸೇರಿ, ತಾಂಬರಂನಲ್ಲಿ ಕಲಿತು, ಜೆಟ್ ಎಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿದ ಮೇಲೆ.

ದೇವಯ್ಯನವರು ಹೋಗಿದ್ದ ಸರ್ಗೋಧಾದ ದಾಳಿಯನ್ನು ನೋಡಿ. 1965ರ ಸೆಪ್ಟೆಂಬರ್ 7, ಬೆಳಕು ಹರಿಯುವ ಮುನ್ನ. ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಅತಿ ದೊಡ್ಡ ವಾಯುನೆಲೆಯ ಮೇಲೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಯಾವುದಾದರೂ ವಿಮಾನ ಹೊರಡಲಾಗದಿದ್ದರೆ ಅದರ ಜಾಗ ತುಂಬಬೇಕಾದ ಕಾಯ್ದಿರಿಸಿದ ಪೈಲಟ್ ಅವರು. ಒಂದು ವಿಮಾನ ಹಿಂದುಳಿಯಿತು, ಇವರು ಹೊರಟರು. ಆಗ ಅವರಿಗೆ 32 ವರ್ಷ. ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಶಿಕ್ಷಕ ಅವರು, ಹಸಿ ಕೈಯಲ್ಲ.

ಮಿಸ್ಟೇರ್ ಫ್ರಾನ್ಸಿನಿಂದ 1957ರಲ್ಲಿ ಬಂದ ವಿಮಾನ. ಗಟ್ಟಿ ದೇಹ, ಆದರೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟದು. ಸರ್ಗೋಧಾ ಅದರ ಪಾಲಿಗೆ ಹೋಗಿ ಬರಲು ಸಾಧ್ಯವಿದ್ದ ದೂರದ ಕಟ್ಟಕಡೆಯ ಗೆರೆಯಲ್ಲಿತ್ತು. ರೇಡಾರಿಗೆ ಸಿಗದ ಹಾಗೆ ನೆಲಕ್ಕೆ ಅಂಟಿಕೊಂಡು ಹಾರಬೇಕು. ನೆಲದ ಹತ್ತಿರ ಗಾಳಿ ದಪ್ಪ, ಎತ್ತರದಲ್ಲಿ ಹಾರುವಾಗಿನದಕ್ಕಿಂತ ಜೆಟ್ ಎಂಜಿನ್ ಎಷ್ಟೋ ಹೆಚ್ಚು ಇಂಧನ ಕುಡಿಯುತ್ತದೆ. ಹೋಗಿ, ಬಾಂಬು ಹಾಕಿ, ನೆಟ್ಟಗೆ ತಿರುಗಿ ಬರುವುದಕ್ಕೆ ಮಾತ್ರ ಲೆಕ್ಕ ಸರಿಹೋಗುತ್ತಿತ್ತು. ದಾರಿಯಲ್ಲಿ ನಿಂತು ಕಾದಾಡುವುದಕ್ಕೆ ತೊಟ್ಟಿಯಲ್ಲಿ ಏನೂ ಮಿಕ್ಕುತ್ತಿರಲಿಲ್ಲ. ಇದು ಪೈಲಟ್‌ಗಳಿಗೂ ಗೊತ್ತು, ತೊಟ್ಟಿ ತುಂಬಿದ ನೆಲದ ಹುಡುಗರಿಗೂ ಗೊತ್ತು.

ಮರಳುವ ದಾರಿಯಲ್ಲಿ ದೇವಯ್ಯನವರ ಬೆನ್ನು ಹತ್ತಿದ್ದು ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ಪೆಟ್ಟು ತಿಂದ ವಿಮಾನವನ್ನು ದೇವಯ್ಯ ಮನೆಯ ಕಡೆ ತಿರುಗಿಸಲಿಲ್ಲ, ಎದುರಾಳಿಯ ಕಡೆ ತಿರುಗಿಸಿದರು. ಸ್ಟಾರ್‌ಫೈಟರ್‌ನ ರೆಕ್ಕೆ ಗಿಡ್ಡ, ಬಾಣದಂತೆ ಹಾರಲು ಮಾಡಿದ್ದು. ಕೆಳಮಟ್ಟದಲ್ಲಿ, ನಿಧಾನ ವೇಗದಲ್ಲಿ ಬಿಗಿಯಾಗಿ ಹೊರಳುವುದು ಅದಕ್ಕೆ ಆಗದ ಕೆಲಸ. ಆ ಹೊರಳಾಟದಲ್ಲಿ ಅದು ಮಿಸ್ಟೇರ್‌ನ ಗುಂಡಿಗೆ ಸಿಕ್ಕಿತು. ಅಮ್ಜದ್ ಹುಸೇನ್ ಹೊರಗೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದರು. ಮಿಸ್ಟೇರ್ ಕೂಡ ಬಿತ್ತು. ದೇವಯ್ಯ ಉಳಿಯಲಿಲ್ಲ. ಅವರನ್ನು ಮಣ್ಣು ಮಾಡಿದ್ದು ಅಲ್ಲಿನ ಹಳ್ಳಿಯ ಜನ.

ತಂಗಿಯ ಮಗನಿಗೆ ನಾನು ಹೇಳಿದ್ದು ಇಷ್ಟು: ಆ ವಿಮಾನ ಗುಂಡಿನಿಂದ ಬಿತ್ತು ಎನ್ನುವುದು ಕಾರಣದ ಕೊನೆಯ ತುದಿ ಮಾತ್ರ. ಅದಕ್ಕೂ ಹಿಂದೆ ದೂರ ಇತ್ತು, ಇಂಧನ ಇತ್ತು, ಒಂಟಿಯಾಗಿ ಸಿಕ್ಕಿಬಿದ್ದದ್ದಿತ್ತು, ವೇಗದಲ್ಲಿ ಅರ್ಧಕ್ಕಿಂತ ಕಡಿಮೆಯ ಯಂತ್ರವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ತಿರುಗಿ ಕಾದುತ್ತೇನೆ ಎಂಬ ಒಬ್ಬ ಮನುಷ್ಯನ ತೀರ್ಮಾನವಿತ್ತು.

ಇದರಲ್ಲಿ ಯಾವುದೂ ನಮ್ಮವರಿಗೆ ಆಗ ಗೊತ್ತಾಗಲಿಲ್ಲ. ಜೊತೆಗೆ ಹೋದವರು ಇಂಧನ ಮುಗಿಯುವ ಮುನ್ನ ಆದಂಪುರ ಸೇರಬೇಕಿತ್ತು, ಯಾರೂ ಹಿಂದೆ ತಿರುಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ದೇವಯ್ಯ ‘ಕಾಣೆಯಾದವರು’ ಎಂದು ದಾಖಲಾದರು. ಅವರ ಮಡದಿ ಆ ಒಂದು ಪದವನ್ನು ಹಿಡಿದುಕೊಂಡು ವರ್ಷಗಳನ್ನು ಕಳೆಯಬೇಕಾಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ, ಪಾಕಿಸ್ತಾನದ ವಾಯುಪಡೆ ಕೊಟ್ಟ ಮಾಹಿತಿಯ ಮೇಲೆ ಬರೆದ ಪುಸ್ತಕದಲ್ಲಿ, ಒಂದು ಮಿಸ್ಟೇರ್ ಸ್ಟಾರ್‌ಫೈಟರನ್ನು ಕೆಡವಿದ ಸಂಗತಿ ಹೊರಬಿತ್ತು. ಆ ಹೊತ್ತು ಆ ಆಕಾಶದಲ್ಲಿದ್ದು ಮರಳದ ಮಿಸ್ಟೇರ್ ಒಂದೇ. ತನೇಜಾ ಅವರು ತಮ್ಮ ಹಳೆಯ ಜೊತೆಗಾರನಿಗಾಗಿ ಸರ್ಕಾರಕ್ಕೆ ಪತ್ರ ಬರೆದರು, ಬಿಡದೆ ಹಿಂದೆ ಬಿದ್ದರು. 1988ರಲ್ಲಿ, ಅಂದರೆ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ನಮ್ಮ ವೀರನ ಸಾಕ್ಷಿ ಎದುರಾಳಿಯ ಕಡತದಿಂದ ಬರಬೇಕಾಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಅದೇ ಯುದ್ಧದಲ್ಲಿ ಇನ್ನೊಬ್ಬ ಕೊಡಗಿನವರ ವಿಮಾನ ಬಿತ್ತು. ಸೆಪ್ಟೆಂಬರ್ 22, ಕದನವಿರಾಮಕ್ಕೆ ಕೆಲವೇ ಗಂಟೆ ಬಾಕಿ. ಜನರಲ್ ಕಾರ್ಯಪ್ಪನವರ ಮಗ, ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪ, ಹಂಟರ್ ವಿಮಾನದಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡುತ್ತಿದ್ದರು. ಇಲ್ಲಿ ಎದುರಿಗೆ ವಿಮಾನವಿರಲಿಲ್ಲ, ನೆಲದ ತೋಪುಗಳಿದ್ದವು. ಯುದ್ಧದಲ್ಲಿ ನೆಲದ ಗುಂಡಿಗೆ ಬೀಳುವ ವಿಮಾನಗಳ ಸುದ್ದಿಗೆ ಆಕಾಶದ ಕಾಳಗದಷ್ಟು ಹೆಸರಿಲ್ಲ. ಆದರೆ ತಗ್ಗಿನಲ್ಲಿ ಬಂದು ಗುರಿ ಹೊಡೆಯುವವನಿಗೆ ದೊಡ್ಡ ಅಪಾಯ ಅದೇ. ಹಂಟರ್‌ಗೆ ಬೆಂಕಿ ಹತ್ತಿತು, ಅವರು ಹೊರಚಿಮ್ಮಿದರು, ಬೆನ್ನುಮೂಳೆಗೆ ಪೆಟ್ಟಾಗಿ ಸೆರೆಯಾದರು. ಅವಿಭಜಿತ ಸೇನೆಯಲ್ಲಿ ತಂದೆಯ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು, ಬಿಡುಗಡೆ ಮಾಡುವ ಮಾತಾಡಿದರು. ಸೆರೆಯಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಬೇಡ ಎಂದು ಮಡಿಕೇರಿಯಿಂದ ಉತ್ತರ ಹೋಯಿತು. ಮಗ 1966ರಲ್ಲಿ ಉಳಿದವರ ಜೊತೆಗೇ ಮರಳಿ, ಮುಂದೆ ಏರ್ ಮಾರ್ಷಲ್ ಆದರು.

ಯಂತ್ರದ ಮಾತಿಗೆ ಬರುತ್ತೇನೆ, ನನ್ನ ಕಸುಬು ಅದು. ಅದೇ ಯುದ್ಧದಲ್ಲಿ ಸೆಪ್ಟೆಂಬರ್ 1ರ ಸಂಜೆ ಜಮ್ಮುವಿನ ಛಾಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕುಗಳ ಮೇಲೆ ಕಳಿಸಿದ್ದು ವ್ಯಾಂಪೈರ್ ವಿಮಾನಗಳನ್ನು. ಪೈಲಟ್ ಕೂರುವ ಭಾಗ ಮರದ ಪದರಗಳಿಂದ ಕಟ್ಟಿದ, ಎರಡನೇ ಮಹಾಯುದ್ಧದ ಕಾಲದ ವಿನ್ಯಾಸ. ಪಾಕಿಸ್ತಾನದ ಸೇಬರ್ ಜೆಟ್‌ಗಳ ಎದುರು ಅವುಗಳನ್ನು ಕಳಿಸಿದ್ದೇ ಅವು ಬಿದ್ದದ್ದಕ್ಕೆ ಕಾರಣ ಎಂದು ಬರೆದರೆ ತಪ್ಪಿಲ್ಲ. ಒಂದೇ ಸಂಜೆ ನಾಲ್ಕು ಹೋದವು. ಆಮೇಲೆ ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದೆ ಕರೆದರು.

ನಾನು ಕೈಯಾಡಿಸಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ನ್ಯಾಟ್. ನೆಲದ ಮೇಲೆ ನಿಂತೇ ಕಾಕ್‌ಪಿಟ್‌ನೊಳಗೆ ಇಣುಕಬಹುದಾದ ಪುಟ್ಟ ವಿಮಾನ. ಸೇಬರ್‌ಗಳನ್ನು ಕೆಡವಿ ಅದು ಹೆಸರು ಮಾಡಿತು, ನನಗೂ ಅದರ ಮೇಲೆ ಅಭಿಮಾನ. ಆದರೂ ಸತ್ಯ ಹೇಳಬೇಕು: ಅದರ ಬಾಲದ ರೆಕ್ಕೆಯನ್ನು ಆಡಿಸುವ ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟರೆ ಪೈಲಟ್‌ನ ಕೈಬಲದಿಂದ ಹತೋಟಿಗೆ ತರುವುದು ಬಲು ಕಷ್ಟ, ಅದರಿಂದ ಯುದ್ಧವಿಲ್ಲದ ದಿನಗಳಲ್ಲೂ ಪ್ರಾಣ ಹೋದವು. ಅದರ ತೋಪುಗಳೂ ಕಾಳಗದ ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. 1965ರ ಸೆಪ್ಟೆಂಬರ್ 3ರಂದು ಒಂದು ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿಯಿತು. ನಾವೇ ಬೆದರಿಸಿ ಇಳಿಸಿದೆವು ಎನ್ನುತ್ತದೆ ಆ ಕಡೆ, ದಾರಿ ತಪ್ಪಿ ಇಂಧನ ಮುಗಿದು ಇಳಿಯಿತು ಎನ್ನುತ್ತದೆ ಈ ಕಡೆ. ಆ ವಿಮಾನ ಈಗಲೂ ಕರಾಚಿಯ ಸಂಗ್ರಹಾಲಯದಲ್ಲಿದೆ.

ಹವೆಯನ್ನು ಮರೆಯುವ ಹಾಗಿಲ್ಲ.  ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ಅಮೆರಿಕನ್ನರ ನೂರಾರು ವಿಮಾನಗಳು ಬಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಕೆಡವಿದ್ದು ಜಪಾನಿಯರಲ್ಲ, ರೆಕ್ಕೆಯ ಮೇಲೆ ಗಟ್ಟಿಯಾದ ಮಂಜುಗಡ್ಡೆ, ಬಿರುಗಾಳಿ, ಮೋಡದೊಳಗೆ ಅಡಗಿದ ಬೆಟ್ಟ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯುವಾಗ ಆಷಾಢದಲ್ಲಿ ಹತ್ತು ಮಾರು ಮುಂದಿನ ಬಸ್ಸು ಕಾಣದೆ ನಿಂತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಶಾಂತಿಕಾಲದಲ್ಲಿ ವಿಮಾನ ಬಿದ್ದರೆ ವಿಚಾರಣೆ ಕೂರುತ್ತದೆ. ಚೂರು ಚೂರನ್ನೂ ಆರಿಸಿ ತರುತ್ತಾರೆ. ಹಾರಾಟಕ್ಕೆ ಮುನ್ನ ನಾವು ಫಿಟ್ಟರ್‌ಗಳು ಸಹಿ ಹಾಕುವ ಎಫ್-700 ಪುಸ್ತಕವನ್ನು ಮೊದಲು ವಶಕ್ಕೆ ತೆಗೆದುಕೊಳ್ಳುತ್ತಾರೆ. ಯಾವ ಬೋಲ್ಟ್ ಯಾರು ಬಿಗಿದರು ಎಂಬುದೂ ಹೊರಗೆ ಬರುತ್ತದೆ. ಮುಂದಿನ ಹುಡುಗ ಸಾಯದಿರಲಿ ಎಂದು ಇಷ್ಟೆಲ್ಲ. ಯುದ್ಧದಲ್ಲಿ ಚೂರುಗಳು ಬೇರೆಯವರ ಗದ್ದೆಯಲ್ಲಿರುತ್ತವೆ, ನೋಡಿದವನು ಬದುಕಿರುವುದಿಲ್ಲ, ಬದುಕಿದವನು ನೋಡಿರುವುದಿಲ್ಲ. ಆಗ ಉಳಿಯುವುದು ಮನುಷ್ಯರ ಕಾಗದ ಮತ್ತು ನೆನಪು ಮಾತ್ರ. ತನೇಜಾ ಸುಮ್ಮನಿದ್ದಿದ್ದರೆ ದೇವಯ್ಯ ಇನ್ನೂ ‘ಕಾಣೆಯಾದವರು’.

ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಂದ ಸೇನೆಗೆ, ವಾಯುಪಡೆಗೆ ಹೋದವರು ಇದ್ದಾರೆ. ನನ್ನ ಹಾಗೆಯೇ ಹೆಚ್ಚಿನವರೂ ಪೈಲಟ್‌ಗಳಲ್ಲ. ಫಿಟ್ಟರ್, ರೇಡಿಯೋ ಮೆಕ್ಯಾನಿಕ್, ಲಾರಿ ಚಾಲಕರು. 1965, 1971ರ ಯುದ್ಧ ಕಂಡವರಲ್ಲಿ ಉಳಿದವರಿಗೆ ಈಗ ಎಂಬತ್ತರ ಸುಮಾರು ವಯಸ್ಸು. ನಿಮ್ಮ ಮನೆಯಲ್ಲಿ ಅಂಥ ಅಜ್ಜ, ದೊಡ್ಡಪ್ಪ ಇದ್ದರೆ ಎದುರಿಗೆ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರು ಬರೆದ ಕಾಗದ, ಸರ್ವಿಸ್ ಪುಸ್ತಕ ಇದ್ದರೆ ಗೆದ್ದಲು ಹಿಡಿಯುವ ಮುನ್ನ ಫೋಟೋ ತೆಗೆದು ಒಂದು ಪ್ರತಿಯನ್ನು ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಡಿ. ಈ ಮಳೆಗಾಲ ಕಳೆಯಲಿ ಎಂದು ಮುಂದೂಡಬೇಡಿ.