ಪಾಂಡವಪುರ ಉಪವಿಭಾಗದ ಕ್ರಿಮಿನಲ್ ದಾಖಲೆಗಳು: ಜಾನಪದ ಚರಿತ್ರೆಯ ಬಳಸದ ಆಕರ

ಕನ್ನಡ ಜಾನಪದ ಅಧ್ಯಯನದ ಇತಿಹಾಸದಲ್ಲಿ ನಾಗಮಂಗಲ ತಾಲೂಕಿಗೆ ವಿಶೇಷವಾದ ಸ್ಥಾನವಿದೆ. ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡ ಇಬ್ಬರೂ ಆ ತಾಲೂಕಿನವರೇ. ಅದರ ಸುತ್ತಲಿನ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಹಾಡು, ಕಥೆ, ಗಾದೆಗಳು ಹಲವು ದಶಕಗಳಿಂದ ಸಂಗ್ರಹವಾಗುತ್ತಲೇ ಬಂದಿವೆ. ಆದರೆ ಇದೇ ಹಳ್ಳಿಗಳ ಜನ ಇನ್ನೊಂದು ಜಾಗದಲ್ಲಿಯೂ ಬಾಯಿಬಿಟ್ಟು ಮಾತನಾಡಿದ್ದಾರೆ. ಅದು ನ್ಯಾಯಾಲಯದ ಕಟಕಟೆ. ಅಲ್ಲಿ ಅವರಾಡಿದ ಮಾತು ಹೆಸರು, ಊರು, ವಯಸ್ಸು, ಕಸುಬು, ದಿನಾಂಕಗಳ ಸಮೇತ ಬರಹಕ್ಕಿಳಿದಿದೆ. ಈ ಬರಹವನ್ನು ಜಾನಪದ ವಿದ್ವಾಂಸರು ಹೆಚ್ಚಾಗಿ ಮುಟ್ಟಿಲ್ಲ.

ಕೊಲೆಯೊಂದು ನಡೆದ ಮೇಲೆ ಅದರ ಮೇಲೆ ಪದ ಕಟ್ಟಿ ಹಾಡುವುದು, ಜಾತ್ರೆಗಳಲ್ಲಿ ಅದರ ಸಣ್ಣ ಪುಸ್ತಕ ಮಾರುವುದು ಕನ್ನಡ ನಾಡಿನಲ್ಲಿ ಬಳಕೆಯಲ್ಲಿದ್ದ ಸಂಗತಿ. ಇಂಥ ಪದವೊಂದು ಸಿಕ್ಕಾಗ ಸಂಗ್ರಾಹಕರು ಅದರ ಪಾಠಾಂತರಗಳನ್ನು ಹುಡುಕುತ್ತಾರೆ. ಪ್ರಕರಣದ ಕಡತವನ್ನು ಹುಡುಕುವುದಿಲ್ಲ. ಹಾಡು ಕಾಲವನ್ನು ಹೇಳುವುದಿಲ್ಲ, ಕಡತ ಹೇಳುತ್ತದೆ. ಹಾಡಿನಲ್ಲಿ ಉಳಿದು ಕಡತದಲ್ಲಿ ಇಲ್ಲದಿರುವುದೂ ಅಷ್ಟೇ ಮುಖ್ಯ. ರಣಜಿತ್ ಗುಹಾ 1987ರಲ್ಲಿ ಪ್ರಕಟಿಸಿದ ‘ಚಂದ್ರಾಳ ಸಾವು’ ಪ್ರಬಂಧವು 1849ರ ಬೀರಭೂಮ್ ಜಿಲ್ಲೆಯ ಕೆಲವು ಹೇಳಿಕೆಗಳ ತುಣುಕನ್ನಷ್ಟೇ ಆಧರಿಸಿ ಒಂದು ಬಡ ಕುಟುಂಬದ ಹೆಣ್ಣುಮಕ್ಕಳ ಒಡನಾಟವನ್ನು ಕಾಣಿಸಿತು. ಶಾಹಿದ್ ಅಮೀನ್ 1995ರ ತಮ್ಮ ಗ್ರಂಥದಲ್ಲಿ 1922ರ ಚೌರಿಚೌರಾ ಮೊಕದ್ದಮೆಯ ದಾಖಲೆಯನ್ನೂ ಆ ಊರಿನವರ ನೆನಪನ್ನೂ ಎದುರುಬದುರಾಗಿ ಇಟ್ಟು ಓದಿದರು. ಈ ಬಗೆಯ ಕೆಲಸ ಮಂಡ್ಯ ಸೀಮೆಯಲ್ಲಿ ನಡೆಯಬೇಕಾದರೆ ಮೊದಲು ದಾಖಲೆ ಎಲ್ಲಿದೆ ಎಂಬುದು ಗೊತ್ತಿರಬೇಕು.

ಈ ನಾಲ್ಕು ತಾಲೂಕುಗಳು ಇಂದು ಕಂದಾಯ ಆಡಳಿತದಲ್ಲಿ ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ಆದರೆ ಹುಡುಕುವವರು ಇಂದಿನ ಹೆಸರನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಕೃಷ್ಣರಾಜಪೇಟೆಯು ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿ ಅತ್ತಿಗುಪ್ಪೆ. ಪಾಂಡವಪುರವು ಜನರ ಬಾಯಲ್ಲಿ ಹಿರೋಡೆ, ಸರ್ಕಾರದ ಕಾಗದದಲ್ಲಿ ಫ್ರೆಂಚ್ ರಾಕ್ಸ್; ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಶ್ರೀರಂಗಪಟ್ಟಣದ ದ್ವೀಪಭಾಗ 1799ರಿಂದ 1881ರವರೆಗೆ ಬ್ರಿಟಿಷರ ಸ್ವತ್ತಾಗಿತ್ತು. ಮೈಸೂರು ಒಡೆಯರಿಗೆ ರಾಜ್ಯ ಮರಳಿದಾಗ ಬೆಂಗಳೂರಿನ ದಂಡು ಪ್ರದೇಶಕ್ಕೆ ಬದಲಾಗಿ ಅದು ಮೈಸೂರಿಗೆ ಬಂತು. ಹಾಗಾಗಿ ಕೋಟೆಯೊಳಗಿನ ಹಳೆಯ ಪ್ರಕರಣವನ್ನು ಹುಡುಕುವವರು ಚೆನ್ನೈಯ ತಮಿಳುನಾಡು ಪತ್ರಾಗಾರವನ್ನೂ ನೋಡಬೇಕಾದೀತು. ಇನ್ನು ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರ ಜುಲೈ 1ರಂದು. ಅದಕ್ಕೂ ಮೊದಲು ಈ ಸೀಮೆಯ ಗಂಭೀರ ಪ್ರಕರಣಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯದ ಕಡೆಗೆ ಹೋಗುತ್ತಿದ್ದವು. ಜಿಲ್ಲೆಯಾದ ದಿನವೇ ನ್ಯಾಯಾಲಯದ ದಫ್ತರವೆಲ್ಲ ಮಂಡ್ಯಕ್ಕೆ ಬಂದುಬಿಟ್ಟಿತೆಂದು ಭಾವಿಸಬಾರದು.

ಯಾರು ವಿಚಾರಣೆ ನಡೆಸುತ್ತಿದ್ದರು ಎಂಬುದರ ಮೇಲೆಯೂ ದಾಖಲೆಯ ಜಾಗ ನಿಂತಿದೆ. ಕಮಿಷನರರ ಆಳ್ವಿಕೆಯಲ್ಲಿ ತಾಲೂಕಿನ ಅಮಲ್ದಾರನೇ ಕಂದಾಯದ ಜೊತೆಗೆ ಸಣ್ಣ ಅಪರಾಧಗಳ ವಿಚಾರಣೆಯನ್ನೂ ಮಾಡುತ್ತಿದ್ದ. ಮೇಲೆ 1834ರಲ್ಲಿ ಸ್ಥಾಪಿತವಾದ ಹುಜೂರ್ ಅದಾಲತ್ತು. 1856ರಿಂದ ಜುಡಿಷಿಯಲ್ ಕಮಿಷನರ್. 1884ರಿಂದ ಚೀಫ್ ಕೋರ್ಟು. 1930ರಿಂದ ಮೈಸೂರು ಹೈಕೋರ್ಟು. ಕಂದಾಯ ಅಧಿಕಾರಿಯ ಕೈಯಿಂದ ಅಪರಾಧ ವಿಚಾರಣೆಯನ್ನು ಬೇರ್ಪಡಿಸುವ ಕೆಲಸ ಹಂತಹಂತವಾಗಿ ನಡೆದು, 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಖಚಿತವಾಯಿತು. ಹೀಗಾಗಿ ಹಳೆಯ ಜಗಳ, ಕಳ್ಳತನಗಳ ಕಾಗದಪತ್ರ ನ್ಯಾಯಾಲಯದಲ್ಲಿ ಸಿಕ್ಕದಿದ್ದರೆ ತಾಲೂಕು ಕಚೇರಿಯ ದಾಖಲೆ ಕೊಠಡಿಯನ್ನು, ಆಮೇಲೆ ಮೈಸೂರಿನ ವಿಭಾಗೀಯ ಪತ್ರಾಗಾರವನ್ನು, ಕೊನೆಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರವನ್ನು ಕೇಳಬೇಕು. ‘ಕಡತ’ ಎಂಬ ಮಾತೇ ಒಂದು ಕಾಲದಲ್ಲಿ ಬಟ್ಟೆಗೆ ಇದ್ದಿಲ ಸರಿ ಬಳಿದು ಬಳಪದಿಂದ ಬರೆಯುತ್ತಿದ್ದ ಮಡಿಕೆಪುಸ್ತಕದ ಹೆಸರು. ಆ ಕಾಲದ ಕೆಲವು ಬರಹಗಳಿಗೆ ಮೋಡಿ ಲಿಪಿ ಬಲ್ಲವರ ನೆರವೂ ಬೇಕಾಗುತ್ತದೆ.

ಉಪವಿಭಾಗಾಧಿಕಾರಿ ಮತ್ತು ತಹಸೀಲ್ದಾರರಿಗೆ ಇಂದಿಗೂ ಕಾರ್ಯನಿರ್ವಾಹಕ ದಂಡಾಧಿಕಾರಿಯ ಅಧಿಕಾರವಿದೆ. ಶಾಂತಿಪಾಲನೆಯ ಮುಚ್ಚಳಿಕೆ (ಹಿಂದಿನ 107ನೆಯ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 126), ನಿಷೇಧಾಜ್ಞೆ (ಹಿಂದಿನ 144, ಈಗಿನ 163), ಜಮೀನು ಹಾಗೂ ನೀರಿನ ಸ್ವಾಧೀನದ ವ್ಯಾಜ್ಯ (ಹಿಂದಿನ 145, ಈಗಿನ 164) ಇವರ ಮುಂದೆಯೇ ಬರುತ್ತವೆ. ಜಾನಪದ ವಿದ್ವಾಂಸರಿಗೆ ಕೊಲೆಯ ಕಡತಕ್ಕಿಂತ ಇವೇ ಹೆಚ್ಚು ಫಲ ಕೊಡಬಲ್ಲವು. ಹಬ್ಬದ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಮೊದಲ ಪೂಜೆ ಯಾರದು, ತೂಬಿನ ನೀರಿನ ಸರದಿ ಯಾರದು ಎಂಬ ಜಗಳಗಳು ಶಿಕ್ಷೆಯ ಹಂತಕ್ಕೆ ಹೋಗದೆ ಮುಚ್ಚಳಿಕೆಯಲ್ಲಿಯೇ ಮುಗಿಯುವುದುಂಟು. ದೇವರ ಆಚರಣೆಯ ಹಳೆಯ ಕ್ರಮ ಏನಿತ್ತೆಂದು ಎರಡೂ ಕಡೆಯವರು ಇಲ್ಲಿ ಲಿಖಿತವಾಗಿ ವಾದಿಸುವುದುಂಟು.

ಹುಡುಕಾಟವನ್ನು ಊರಿನಿಂದ ಆರಂಭಿಸುವುದು ಕ್ಷೇಮ. ಊರು ಯಾವ ಠಾಣೆಗೆ ಸೇರಿತ್ತು ಎಂಬುದು ಮೊದಲ ಪ್ರಶ್ನೆ. ಮೇಲುಕೋಟೆ, ಕಿಕ್ಕೇರಿ, ಬೆಳ್ಳೂರು, ಬಿಂಡಿಗನವಿಲೆ, ಅರಕೆರೆಗಳಲ್ಲಿ ಈಗ ಠಾಣೆಗಳಿವೆಯಾದರೂ ಹಿಂದೆ ವ್ಯಾಪ್ತಿ ಬೇರೆಯಾಗಿದ್ದಿರಬಹುದು. ಠಾಣೆಯ ಅಪರಾಧ ಸಂಖ್ಯೆ ಸಿಕ್ಕರೆ ಅದರಿಂದ ತಾಲೂಕಿನ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ ನ್ಯಾಯಾಲಯದ ಸಿ.ಸಿ. ಸಂಖ್ಯೆ, ಕೊಲೆಯಂಥ ಪ್ರಕರಣವಾಗಿದ್ದರೆ ಅಲ್ಲಿಂದ ಒಪ್ಪಿಸಲಾದ ಸೆಷನ್ಸ್ ನ್ಯಾಯಾಲಯದ ಎಸ್.ಸಿ. ಸಂಖ್ಯೆ ಸಿಗುತ್ತದೆ. ಒಂದೇ ಘಟನೆಗೆ ಮೂರು ಸಂಖ್ಯೆಗಳಿರುವುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಮಂಡ್ಯದ ಹೆಚ್ಚುವರಿ ಸೆಷನ್ಸ್ ನ್ಯಾಯಾಲಯವೊಂದು ಶ್ರೀರಂಗಪಟ್ಟಣದಲ್ಲಿಯೂ ಕುಳಿತುಕೊಳ್ಳುವುದರಿಂದ ಎರಡು ಕಡೆಯೂ ವಿಚಾರಿಸಬೇಕು. ಸಂಖ್ಯೆ ಯಾವುದೂ ಗೊತ್ತಿಲ್ಲದಿದ್ದರೆ ವರ್ಷ ಮತ್ತು ಪಕ್ಷಕಾರರ ಹೆಸರನ್ನು ಹಿಡಿದು ರಿಜಿಸ್ಟರು ನೋಡಿಸುವುದೇ ದಾರಿ. ಇತ್ತೀಚಿನ ವರ್ಷಗಳ ಪ್ರಕರಣಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು, ಅಪರಾಧ ಸಂಖ್ಯೆ ಅಥವಾ ಹದಿನಾರು ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿಂದ ತೆಗೆಯಬಹುದು. ಪ್ರಥಮ ವರ್ತಮಾನ ವರದಿಯನ್ನು ಸೂಕ್ಷ್ಮ ಪ್ರಕರಣಗಳ ಹೊರತಾಗಿ ಜಾಲತಾಣಕ್ಕೆ ಏರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆದೇಶಿಸಿದೆ. ಆದರೆ ಸಾಕ್ಷಿಗಳ ಹೇಳಿಕೆ ಅಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ಕಡತವೇ ಬೇಕು.

ಕಡತದ ನಕಲು ಪಡೆಯುವ ಕ್ರಮವನ್ನು 1968ರ ಕರ್ನಾಟಕ ಕ್ರಿಮಿನಲ್ ರೂಲ್ಸ್ ಆಫ್ ಪ್ರಾಕ್ಟೀಸ್ ನಿಯಮಗಳು ಹೇಳುತ್ತವೆ. ಪಕ್ಷಕಾರರಲ್ಲದ ಸಂಶೋಧಕರು ದಾಖಲೆ ಏಕೆ ಬೇಕೆಂದು ಕಾರಣ ತಿಳಿಸಿ, ಅದನ್ನು ಪ್ರಮಾಣಪತ್ರದಿಂದ ಸಮರ್ಥಿಸಿ ನ್ಯಾಯಾಧೀಶರ ಅನುಮತಿ ಕೋರಬೇಕು. ಅನುಮತಿಯಾದ ಮೇಲೆ ಶುಲ್ಕ ಕಟ್ಟಿ ನಕಲು ವಿಭಾಗದಿಂದ ದೃಢೀಕೃತ ಪ್ರತಿ ಪಡೆಯಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಸಾಕೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ನ್ಯಾಯಾಲಯದ ನಿಯಮಗಳಲ್ಲಿಯೇ ದಾರಿಯಿರುವಾಗ ನ್ಯಾಯಿಕ ಕಡತದ ನಕಲನ್ನು ಆ ಕಾಯಿದೆಯಡಿ ಕೇಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ 2020ರ ಮಾರ್ಚ್ 4ರ ತೀರ್ಪಿನಲ್ಲಿ ಹೇಳಿದೆ. ಯಾವ ವರ್ಷಗಳ ದಾಖಲೆ ಉಳಿದಿದೆ, ಯಾವುದು ನಾಶವಾಗಿದೆ ಎಂಬ ಆಡಳಿತಾತ್ಮಕ ಸಂಗತಿಗೆ ಮಾತ್ರ ಮಾಹಿತಿ ಹಕ್ಕು ಉಪಯೋಗಕ್ಕೆ ಬಂದೀತು. ಸಂಶೋಧನ ಕೇಂದ್ರದ ಪತ್ರ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಕಡತ ಕೈಗೆ ಬಂದ ಮೇಲೆ ಅದನ್ನು ಓದುವ ಬಗೆ ಬೇರೆ. ಸಾಕ್ಷಿಯ ಹೇಳಿಕೆಯು ‘ನಾನು’ ಎಂದು ತೊಡಗಿ ಒಂದೇ ಓಟದಲ್ಲಿ ಕಥನವಾಗಿ ಸಾಗುತ್ತದೆ. ಇದನ್ನು ಹಾಗೆಯೇ ಹಳ್ಳಿಗನ ಮಾತೆಂದು ಭಾವಿಸಿದರೆ ಮೋಸಹೋದಂತೆ. ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯದೆ ಕಥನರೂಪದಲ್ಲಿ ಬರೆಯಬೇಕೆಂದು ಸಂಹಿತೆಯೇ ವಿಧಿಸಿತ್ತು. ಆದ್ದರಿಂದ ವಕೀಲರ ಪ್ರಶ್ನೆ ಮರೆಯಾಗಿ, ಅದಕ್ಕೆ ಸಾಕ್ಷಿ ಹೇಳಿದ ‘ಹೌದು’ ಒಂದು ಪೂರ್ಣ ವಾಕ್ಯವಾಗಿ ನಿಂತಿರುತ್ತದೆ. ‘ಸದರಿ’, ‘ಮೇಲ್ಕಂಡ’ ಎಂಬ ಮಾತುಗಳು ಗುಮಾಸ್ತರವು. ಅವುಗಳ ನಡುವೆ ಒಮ್ಮೊಮ್ಮೆ ತಿದ್ದಲಾಗದೆ ಉಳಿದ ಬೈಗುಳ, ಆಣೆಯ ಮಾತು, ಹೊತ್ತನ್ನು ಗಡಿಯಾರದಲ್ಲಿ ಹೇಳದೆ ‘ದನ ಮನೆಗೆ ಬರುವ ಹೊತ್ತು’ ಎಂದು ಹೇಳಿದ್ದು ಕಾಣುತ್ತದೆ. ಸಾಕ್ಷಿಯ ದನಿ ಇರುವುದು ಅಲ್ಲಿ. ಪೊಲೀಸರ ಮುಂದಿನ ಹೇಳಿಕೆಗೆ ಸಹಿ ಇರುವುದಿಲ್ಲ, ಅದು ಸಾಕ್ಷ್ಯವೂ ಅಲ್ಲ. ಅದನ್ನೂ ನ್ಯಾಯಾಲಯದ ಹೇಳಿಕೆಯನ್ನೂ ಬೆರೆಸಬಾರದು. ಇವೆರಡರ ನಡುವಿನ ಅಂತರವೇ ಕೆಲವೊಮ್ಮೆ ಊರೊಳಗೆ ನಡೆದ ರಾಜಿಪಂಚಾಯಿತಿಯ ಗುರುತಾಗಿರುತ್ತದೆ. ಸಾಕ್ಷಿಗಳೆಲ್ಲ ಪ್ರತಿಕೂಲವಾದರೆಂದು ತೀರ್ಪು ಒಂದೇ ಸಾಲಿನಲ್ಲಿ ಮುಗಿಸಿದ್ದನ್ನು ಊರು ಬೇರೆಯೇ ಕಥೆಯಾಗಿ ಹೇಳುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಹುಟ್ಟಿದ್ದು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವರಿಂದ.

ಮಹಜರುಗಳನ್ನು ಕಡೆಗಣಿಸುವವರೇ ಹೆಚ್ಚು. ಸ್ಥಳ ಮಹಜರಿನಲ್ಲಿ ಮನೆಯ ಬಾಗಿಲು ಯಾವ ದಿಕ್ಕಿಗಿದೆ, ಕೊಟ್ಟಿಗೆ ಎಲ್ಲಿ, ಒಲೆ ಎಲ್ಲಿ, ಹಿತ್ತಲಿಗೆ ಬೇಲಿ ಯಾವುದರದು ಎಂಬುದು ನಾಲ್ಕು ದಿಕ್ಕಿನ ಚಕ್ಕುಬಂದಿಯೊಡನೆ ಬರುತ್ತದೆ. ಜಪ್ತಿ ಮಹಜರಿನಲ್ಲಿ ಕುಡುಗೋಲು, ಮಚ್ಚು, ಒನಕೆ, ಬಾರುಕೋಲುಗಳ ಉದ್ದಗಲ, ಹಿಡಿಯ ಮರ, ಉಟ್ಟ ಬಟ್ಟೆಯ ಬಣ್ಣ ಎಲ್ಲವೂ ಇರುತ್ತವೆ. ಭೌತಿಕ ಸಂಸ್ಕೃತಿಯ ಬಗೆಗೆ ಯಾರೂ ಉದ್ದೇಶಿಸದೆ ಬರೆದಿಟ್ಟ ವಿವರಣೆ ಇದು. ಹಳೆಯ ಪ್ರಕರಣಗಳಾದರೆ ಪಟೇಲನ ವರದಿಯೂ ಜೊತೆಗಿರಬಹುದು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಯಾದ ಮೇಲೆ ಆ ಬಗೆಯ ಕಾಗದ ನಿಂತುಹೋಯಿತು; ಪಟೇಲ, ಶಾನುಭೋಗರ ಮನೆತನಗಳಲ್ಲಿ ಪ್ರತಿಗಳು ಉಳಿದಿರುವ ಸಾಧ್ಯತೆಯನ್ನು ಕ್ಷೇತ್ರಕಾರ್ಯದಲ್ಲಿ ಮರೆಯಬಾರದು.

ಈ ಕೆಲಸಕ್ಕೆ ಕಾಲಮಿತಿಯಿದೆ. ಕ್ರಿಮಿನಲ್ ಕಡತಗಳನ್ನು ಅಪರಾಧ ಮತ್ತು ಶಿಕ್ಷೆಯ ಸ್ವರೂಪಕ್ಕೆ ತಕ್ಕಂತೆ ಇಷ್ಟು ವರ್ಷ ಇಟ್ಟು ನಾಶಪಡಿಸಬೇಕೆಂಬುದು ನಿಯಮ. ಸಣ್ಣ ಹೊಡೆದಾಟದ ಕಡತ ಬೇಗ ಹೋಗುತ್ತದೆ, ದೊಡ್ಡ ಶಿಕ್ಷೆಯದು ಹೆಚ್ಚು ಕಾಲ ಉಳಿಯುತ್ತದೆ. ಕಾನೂನಿಗೆ ಕ್ಷುಲ್ಲಕವಾದದ್ದೇ ಜಾನಪದಕ್ಕೆ ಬೇಕಾದದ್ದು ಎಂಬಲ್ಲಿ ತೊಡಕಿದೆ. ಕೆಳಗಿನ ಕಡತ ಇಲ್ಲವಾದಾಗಲೂ, ಮೇಲ್ಮನವಿ ನಡೆದಿದ್ದರೆ ಅಥವಾ ಮರಣದಂಡನೆ ವಿಧಿಸಿದ್ದರೆ ಹೈಕೋರ್ಟನ್ನು ವಿಚಾರಿಸಬೇಕು. ಮರಣದಂಡನೆಯನ್ನು ಹೈಕೋರ್ಟು ಸ್ಥಿರಪಡಿಸದೆ ಜಾರಿಮಾಡುವಂತಿಲ್ಲವಾದ್ದರಿಂದ ಸಾಕ್ಷಿಗಳ ಹೇಳಿಕೆಗಳ ಪ್ರತಿ ಅಲ್ಲಿಗೆ ಹೋಗಿಯೇ ಇರುತ್ತದೆ. ಹಳೆಯ ‘ಮೈಸೂರು ಲಾ ಜರ್ನಲ್’ ಸಂಪುಟಗಳಲ್ಲಿ ತೀರ್ಪಾದರೂ ಸಿಕ್ಕಬಹುದು.

ದೊರೆತದ್ದನ್ನೆಲ್ಲ ಅಚ್ಚು ಹಾಕುವಂತಿಲ್ಲ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತನ್ನು ಪ್ರಕಟಿಸುವುದು ಹಿಂದಿನ ದಂಡ ಸಂಹಿತೆಯ 228-ಎ, ಈಗಿನ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ. ಮಕ್ಕಳ ಗುರುತನ್ನು ಬಾಲನ್ಯಾಯ ಕಾಯಿದೆಯ 74ನೆಯ ಕಲಂ ಕಾಯುತ್ತದೆ. ಕಾನೂನು ಸುಮ್ಮನಿರುವಲ್ಲಿಯೂ ಎಚ್ಚರ ಬೇಕು. 1871ರಿಂದ ಬ್ರಿಟಿಷ್ ಭಾರತದಲ್ಲಿ ಒಂದರ ಮೇಲೊಂದರಂತೆ ಬಂದು 1952ರಲ್ಲಿ ರದ್ದಾದ ಅಪರಾಧಿ ಬುಡಕಟ್ಟು ಕಾಯಿದೆಗಳು ಹುಟ್ಟಿನಿಂದಲೇ ಮನುಷ್ಯರನ್ನು ಕಳ್ಳರೆಂದು ಬರೆದಿಟ್ಟವು. ಆ ಕಣ್ಣು ಸಂಸ್ಥಾನಗಳ ಠಾಣೆಗಳಲ್ಲಿಯೂ ಇತ್ತು. ಹಳೆಯ ದಾಖಲೆಯಲ್ಲಿ ‘ಕೊರಮರವನು’ ಎಂದು ಜಾತಿಯನ್ನೇ ಸಾಕ್ಷ್ಯದಂತೆ ಬರೆದಿದ್ದರೆ ಅದು ಬರೆದವರ ಮನಸ್ಸಿನ ದಾಖಲೆಯೇ ಹೊರತು ಆರೋಪಿಯ ನಡತೆಯದಲ್ಲ. ಖುಲಾಸೆಯಾದವನ ಮೊಮ್ಮಕ್ಕಳು ಅದೇ ಬೀದಿಯಲ್ಲಿದ್ದಾರೆ. ಹೆಸರನ್ನು ಮರೆಮಾಚಿ ಊರನ್ನು ಉಳಿಸಬೇಕೇ, ಊರನ್ನೂ ಮರೆಮಾಚಬೇಕೇ ಎಂಬುದನ್ನು ಪ್ರಕಟಣೆಗೆ ಮೊದಲು ಆ ಮನೆಯವರನ್ನು ಕಂಡು ತೀರ್ಮಾನಿಸುವುದು ಸರಿಯಾದ ಕ್ರಮ. ಕಡತದ ಮಾತನ್ನು ಓದಿಹೇಳಿದಾಗ ಅವರು ಒಪ್ಪುವುದು, ಅಲ್ಲಗಳೆಯುವುದು, ಹೊಸದೊಂದನ್ನು ಸೇರಿಸುವುದು ಎಲ್ಲವನ್ನೂ ನಕಲಿನ ಅಂಚಿನಲ್ಲಿ ದಿನಾಂಕ ಸಮೇತ ಗುರುತು ಮಾಡಿಕೊಳ್ಳಬೇಕು.