ಅಂಗಡಿಗೆಲ್ಲ ಒಂದೇ ನಂಬರ್: ಏನಿದು ಯೂನಿಫೈಡ್ ಕಮ್ಯುನಿಕೇಷನ್ಸ್, ಯಾರಿಗೆ ಬೇಕು?

ಬೆಳಿಗ್ಗೆ ವ್ಯಾಪಾರದ ಹೊತ್ತಿನಲ್ಲಿ ಯಾವುದಾದರೂ ಹಾರ್ಡ್‌ವೇರ್ ಅಂಗಡಿ ನೋಡಿ. ಮಾಲೀಕರ ಮೊಬೈಲ್‌ಗೆ ಸಿಮೆಂಟ್ ಡೀಲರ್ ಕರೆ. ಕೆಲಸದ ಹುಡುಗನ ವಾಟ್ಸ್‌ಆ್ಯಪ್‌ಗೆ ಪ್ಲಂಬರ್ ಕಳಿಸಿದ ಪೈಪಿನ ಪಟ್ಟಿ. ಒಳಗೆ ಗೋಡೌನ್‌ನಲ್ಲಿ ಲ್ಯಾಂಡ್‌ಲೈನ್ ಬಡ್ಕೊಂಡು ಬಡ್ಕೊಂಡು ಸುಮ್ಮನಾಗಿದೆ. ಹೇಗೋ ದಿನ ಕಳೆಯುತ್ತೆ. ಆದರೆ ಆ ಹುಡುಗ ಕೆಲಸ ಬಿಟ್ಟು ಪಕ್ಕದ ಬೀದಿಯ ಅಂಗಡಿ ಸೇರಿದ ದಿನ ಪೆಟ್ಟು ಗೊತ್ತಾಗುತ್ತೆ. ಮೇಸ್ತ್ರಿಗಳ ನಂಬರ್, ಹಳೆಯ ಆರ್ಡರ್, ಮಾತಾಡಿದ ರೇಟು ಎಲ್ಲ ಅವನ ಫೋನಿನಲ್ಲೇ ಇರುತ್ತೆ. ಗಿರಾಕಿಗಳೂ ಅವನ ಹಿಂದೆಯೇ ಹೋಗ್ತಾರೆ.

ಈ ತೊಂದರೆಗೆ ಇರುವ ವ್ಯವಸ್ಥೆಯೇ ಯೂನಿಫೈಡ್ ಕಮ್ಯುನಿಕೇಷನ್ಸ್. ಹೆಸರು ದೊಡ್ಡದು, ವಿಷಯ ಸಣ್ಣದು. ಫೋನ್ ಕರೆ, ಮೆಸೇಜ್, ಇಮೇಲ್, ವಿಡಿಯೋ ಕರೆ ಎಲ್ಲವೂ ಸಂಸ್ಥೆಯ ಒಂದೇ ಖಾತೆಗೆ ಬರಬೇಕು, ಯಾರು ಯಾವಾಗ ಮಾತಾಡಿದರು ಅನ್ನೋ ದಾಖಲೆ ಅಲ್ಲೇ ಉಳಿಯಬೇಕು. ಮೊದಲು ಲಾಡ್ಜ್, ಆಸ್ಪತ್ರೆಗಳಲ್ಲಿ ಇಪಿಎಬಿಎಕ್ಸ್ ಪೆಟ್ಟಿಗೆ ಇಟ್ಟು ರೂಮಿಗೊಂದು ಇಂಟರ್‌ಕಾಮ್ ಕೊಡ್ತಿದ್ದರಲ್ಲ, ಅದೇ ಕೆಲಸವನ್ನು ಈಗ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ಮಾಡುತ್ತೆ. ಅಂಗಡಿಯಲ್ಲಿ ಪೆಟ್ಟಿಗೆ ಬೇಕಿಲ್ಲ.

ದುಡ್ಡು ಕೊಡುವ ಮುಂಚೆ

ಇಬ್ಬರು ಮೂವರು ಕೆಲಸ ಮಾಡುವ ಅಂಗಡಿಗೆ ಅರ್ಧ ಪರಿಹಾರ ಪುಕ್ಕಟೆಯಾಗೇ ಸಿಗುತ್ತೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಅನ್ನು ಅಂಗಡಿಯ ನಂಬರಿನಲ್ಲಿ ಹಾಕಿಕೊಂಡರೆ ಮುಖ್ಯ ಫೋನಿನ ಜೊತೆ ಇನ್ನೂ ನಾಲ್ಕು ಫೋನ್ ಅಥವಾ ಕಂಪ್ಯೂಟರ್ ಲಿಂಕ್ ಮಾಡಬಹುದು. ಹುಡುಗ ತನ್ನ ಫೋನಿನಲ್ಲಿ ಉತ್ತರ ಕೊಟ್ಟರೂ ಗಿರಾಕಿಗೆ ಕಾಣೋದು ಅಂಗಡಿಯ ನಂಬರೇ. ಕೆಲಸ ಬಿಟ್ಟ ದಿನ ಮುಖ್ಯ ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಅವನ ಫೋನನ್ನು ಲಾಗ್‌ಔಟ್ ಮಾಡಿದರೆ ಮುಗೀತು. ಬೋರ್ಡಿನ ಮೇಲೆ ವರ್ಷಗಳಿಂದ ಇರುವ ಲ್ಯಾಂಡ್‌ಲೈನ್ ನಂಬರಿಗೂ ಇದನ್ನು ಹಾಕಿಕೊಳ್ಳಬಹುದು. ನೋಂದಣಿ ವೇಳೆ ಎಸ್ಸೆಮ್ಮೆಸ್ ಬದಲು ‘ಕರೆ ಮಾಡಿ’ ಅಂತ ಆರಿಸಿದರೆ ಕೋಡ್ ಅನ್ನು ಫೋನ್ ಮಾಡಿ ಹೇಳುತ್ತೆ.

ಸಾಮಾನ್ಯ ಕರೆಗಳಿಗೆ ಕಾಲ್ ಫಾರ್ವರ್ಡಿಂಗ್ ಇದೆ. ‘ಎತ್ತದಿದ್ದರೆ’, ‘ಬ್ಯುಸಿ ಇದ್ದರೆ’ ಇನ್ನೊಂದು ನಂಬರಿಗೆ ಹೋಗಲಿ ಅಂತ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇಡಬಹುದು. ಆದರೆ ಯಾರೋ ಫೋನ್ ಮಾಡಿ *401# ಅಂತ ಶುರುವಾಗೋ ಕೋಡ್ ಒತ್ತಿ ಅಂದ್ರೆ ಒತ್ತಲೇಬೇಡಿ. ಅದರಿಂದ ನಿಮ್ಮ ಕರೆಗಳು, ಕರೆಯಲ್ಲಿ ಬರುವ ಓಟಿಪಿ ಸಮೇತ, ವಂಚಕರಿಗೆ ಹೋಗ್ತಾ ಇದ್ದವು. ಹಾಗಾಗಿಯೇ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್‌ನಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತು.

ಕಂಪನಿ ಸೇವೆ ಯಾರಿಗೆ?

ಕ್ಲಿನಿಕ್, ಟ್ರಾವೆಲ್ಸ್, ಟ್ರ್ಯಾಕ್ಟರ್ ಶೋರೂಂ, ಎರಡು ಮೂರು ಶಾಖೆ ಇರುವ ಗೊಬ್ಬರದಂಗಡಿ, ಇಂಥವರಿಗೆ ಮೇಲಿನದ್ದು ಸಾಲದು. ಒಂದೇ ನಂಬರಿಗೆ ಒಟ್ಟೊಟ್ಟಿಗೆ ನಾಲ್ಕೈದು ಕರೆ ಬರುತ್ತವೆ. ಕ್ಲೌಡ್ ಟೆಲಿಫೋನಿ ಸೇವೆಯಲ್ಲಿ ‘ಅಪಾಯಿಂಟ್‌ಮೆಂಟ್‌ಗೆ ಒಂದು ಒತ್ತಿ’ ಅನ್ನೋ ಧ್ವನಿ ಬರುತ್ತೆ, ಯಾರು ಖಾಲಿ ಇದ್ದಾರೋ ಅವರ ಮೊಬೈಲ್ ರಿಂಗ್ ಆಗುತ್ತೆ, ಎತ್ತದ ಕರೆಗಳ ಪಟ್ಟಿ ಸಂಜೆ ಮಾಲೀಕರಿಗೆ ಸಿಗುತ್ತೆ. ಈ ಪಟ್ಟಿಯೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನಬಹುದು. ಮಾಲೀಕರೊಬ್ಬರೇ ಕೂರುವ ಕಿರಾಣಿ ಅಂಗಡಿಗೆ ಮಾತ್ರ ಇದು ಸುಮ್ಮನೆ ಖರ್ಚು.

ಸಾಮಾನ್ಯವಾಗಿ ತಿಂಗಳಿಗೆ ಇಂತಿಷ್ಟು ಜನಕ್ಕೆ ಅಂತ ಬಾಡಿಗೆ, ಮೇಲೆ ನಿಮಿಷದ ಲೆಕ್ಕ. ಒಳಬರುವ ಕರೆಗೂ ನಿಮಿಷದ ದುಡ್ಡು ಇದೆಯಾ ಅಂತ ಕೇಳಿಕೊಳ್ಳಿ. 1800ರ ಟೋಲ್ ಫ್ರೀ ನಂಬರ್ ತಗೊಂಡರೆ ಗಿರಾಕಿಗೆ ಪುಕ್ಕಟೆ, ಬಿಲ್ಲು ಮಾತ್ರ ನಿಮ್ಮದು.

ಏಜೆಂಟರು ತಾವಾಗೇ ಹೇಳದ ಮಾತು ಒಂದಿದೆ. ಸೇವೆ ಬಿಟ್ಟರೆ ಆ ನಂಬರ್ ಯಾರದ್ದು? ಮೊಬೈಲ್ ನಂಬರನ್ನು 2015ರ ಜುಲೈನಿಂದ ದೇಶದ ಯಾವ ಕಂಪನಿಗೆ, ಯಾವ ರಾಜ್ಯಕ್ಕೆ ಬೇಕಾದರೂ ಪೋರ್ಟ್ ಮಾಡಬಹುದು. ಲ್ಯಾಂಡ್‌ಲೈನ್ ನಂಬರಿಗೆ ನಮ್ಮಲ್ಲಿ ಆ ಸೌಲಭ್ಯ ಇಲ್ಲ. ಕಂಪನಿ ಕೊಟ್ಟ ಹೊಸ ನಂಬರನ್ನೇ ಬೋರ್ಡಿಗೆ ಬರೆಸಿದರೆ ನಾಳೆ ಅವರು ಬಾಡಿಗೆ ಏರಿಸಿದಾಗ ಬಿಡೋಕೂ ಆಗಲ್ಲ. ಬೋರ್ಡಿನ ಮೇಲೆ ಸ್ವಂತ ಮೊಬೈಲ್ ನಂಬರ್ ಇರಲಿ, ಅದನ್ನು ಕಂಪನಿಯ ನಂಬರಿಗೆ ಫಾರ್ವರ್ಡ್ ಮಾಡಿ. ಸೇವೆ ಬಿಟ್ಟ ದಿನ ಫಾರ್ವರ್ಡ್ ತೆಗೆದರಾಯ್ತು.

ಆ ಸಿಮ್ ಮಾಲೀಕರ ಹೆಸರಿನಲ್ಲೇ ಇರಬೇಕು, ಹುಡುಗನ ಆಧಾರ್ ಮೇಲೆ ತಗೊಂಡಿದ್ದಲ್ಲ. ನಿಮ್ಮ ಹೆಸರಿನಲ್ಲಿ ಯಾವ್ಯಾವ ನಂಬರ್ ಇವೆ ಅಂತ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು.

ಕರೆಂಟ್ ಹೋದರೆ?

ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರ್ತಿತ್ತು, ಊರಿಡೀ ಕತ್ತಲಾದರೂ ಫೋನ್ ನಡೀತಿತ್ತು. ಫೈಬರ್ ಫೋನ್ ಹಾಗಲ್ಲ. ಮೋಡೆಮ್‌ಗೆ ಕರೆಂಟ್ ಇಲ್ಲ ಅಂದ್ರೆ ಕರೆಯೂ ಇಲ್ಲ. ಬರೀ ಮೋಡೆಮ್‌ಗೆ ಸಾಕಾಗುವ ಸಣ್ಣ ಯುಪಿಎಸ್ ಇಡೋದು ಒಳ್ಳೇದು. ಇಂಟರ್ನೆಟ್ ವೇಗದ ಚಿಂತೆ ಅಷ್ಟು ಬೇಡ, ಒಂದು ಕರೆಗೆ ಆ ಕಡೆ ಈ ಕಡೆ ತಲಾ ಸುಮಾರು 100 ಕೆಬಿಪಿಎಸ್ ಸಾಕು. ಮಧ್ಯೆ ಮಧ್ಯೆ ಕಡಿದು ಹೋಗೋ ಲೈನ್ ಮಾತ್ರ ತಲೆನೋವು.

ನಂಬರುಗಳೆಲ್ಲ ಒಂದೇ ಕಡೆ ಸೇರಿದ ಮೇಲೆ ಆಫರ್ ಮೆಸೇಜ್ ಕಳಿಸುವ ಆಸೆ ಬರೋದು ಸಹಜ. ಮಾಮೂಲಿ ಹತ್ತಂಕಿ ನಂಬರಿನಿಂದ ಜಾಹೀರಾತು ಕರೆ, ಎಸ್ಸೆಮ್ಮೆಸ್ ಸುರಿಸಿದರೆ ಗಿರಾಕಿ 1909ಕ್ಕೆ ದೂರು ಕೊಡಬಹುದು, ನಿಮ್ಮ ಲೈನೇ ಕಡಿತವಾಗಬಹುದು.

ಇನ್ನು ನಂಬರ್ ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಕೂಡಲೇ ಬಿಡಬೇಡಿ. ಬಹಳ ದಿನ ರೀಚಾರ್ಜ್ ಮಾಡದ ನಂಬರ್ ಬೇರೆಯವರ ಪಾಲಾಗುತ್ತೆ, ನಿಮ್ಮ ಹಳೇ ಗಿರಾಕಿ ಮಾಡಿದ ಕರೆಯೂ ಅವರಿಗೇ ಹೋಗುತ್ತೆ. ಶಟರ್, ಬಿಲ್ ಬುಕ್, ಕ್ಯಾಲೆಂಡರ್, ಕೈಚೀಲ, ಗೂಗಲ್ ಮ್ಯಾಪ್ ಎಲ್ಲ ಕಡೆ ಹೊಸ ನಂಬರ್ ಬರುವ ತನಕ ಹಳೆಯ ಸಿಮ್‌ಗೂ ರೀಚಾರ್ಜ್ ಹಾಕ್ತಾ ಇರಿ.